ಐದನೇ ಕ್ಲಾಸಿನ ಮಗುವಿಗೆ ಯಾವ ಪರೀಕ್ಷೆ?

ಚಳಿಗಾಲದ ಒಂದು ಶನಿವಾರ, ನವೋದಯ ಪ್ರವೇಶ ಪರೀಕ್ಷೆಯ ದಿನ. ತಾಲ್ಲೂಕು ಕೇಂದ್ರದ ಹೈಸ್ಕೂಲು ಮೈದಾನದಲ್ಲಿ ಬೆಳಿಗ್ಗೆ ಹತ್ತಕ್ಕೇ ಕಾಲಿಡಲು ಜಾಗವಿಲ್ಲ. ಬೈಕು, ಟಂಟಂ, ಬಾಡಿಗೆ ಜೀಪುಗಳಿಂದ ಇಳಿಯುವವರೆಲ್ಲ ಹತ್ತು–ಹನ್ನೊಂದು ವರ್ಷದ ಮಕ್ಕಳು. ಕೈಯಲ್ಲಿ ಪ್ಯಾಡು, ಜೇಬಿನಲ್ಲಿ ಎರಡು ಬಾಲ್‌ಪೆನ್ನು, ಪ್ಲಾಸ್ಟಿಕ್ ಕವರಿನಲ್ಲಿ ಹಾಲ್ ಟಿಕೆಟ್ಟು. ಒಬ್ಬ ತಾಯಿ ಡಬ್ಬಿ ಬಿಚ್ಚಿ ಕೊನೆಯ ನಾಲ್ಕು ತುತ್ತು ಉಪ್ಪಿಟ್ಟು ತಿನ್ನಿಸುತ್ತಿದ್ದಾಳೆ. ಪಕ್ಕದಲ್ಲಿ ಅಪ್ಪ, ‘ಗೋಲ ತುಂಬುವಾಗ ಗಡಿಬಿಡಿ ಮಾಡಬ್ಯಾಡ’ ಎಂದು ಹತ್ತನೇ ಸಲ ಹೇಳುತ್ತಿದ್ದಾನೆ.

ಗಂಟೆ ಹೊಡೆಯುತ್ತದೆ, ಗೇಟು ಮುಚ್ಚುತ್ತದೆ. ಹೊರಗೆ ಉಳಿದ ಹಿರಿಯರು ಬೇವಿನ ಮರದ ನೆರಳಿಗೆ ಸರಿದು ಮಾತಿಗೆ ಕೂರುತ್ತಾರೆ. ‘ಸೈನಿಕಕ್ಕೂ ಹಾಕೀರೇನ್ರಿ?’ ‘ಹಾಕೇವ್ರಿ. ಮೊರಾರ್ಜಿ, ಆದರ್ಶ, ಯಾವುದೂ ಬಿಟ್ಟಿಲ್ಲ. ಯಾವುದಾದ್ರೂ ಒಂದು ಹತ್ತಲಿ.’

ಐದನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ, ಅದರಲ್ಲೂ ಉತ್ತರ ಕರ್ನಾಟಕದಲ್ಲಿ, ಇದು ಪ್ರತಿವರ್ಷದ ಮಾತು. ಅರ್ಜಿ ಕರೆದ ಪರೀಕ್ಷೆಗಳಿಗೆಲ್ಲ ಹಾಕಿಬಿಡುವುದು ರೂಢಿ. ಆದರೆ ಈ ಪರೀಕ್ಷೆಗಳು ಒಂದರಂತೆ ಇನ್ನೊಂದಿಲ್ಲ. ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಉದ್ದೇಶಕ್ಕೆ ಕಟ್ಟಿದ ಶಾಲೆಗಳ ಬಾಗಿಲುಗಳು ಇವು. ಒಂದರಲ್ಲಿ ಅರ್ಧ ಅಂಕ ಚಿತ್ರಗಳಿಗೆ, ಇನ್ನೊಂದರಲ್ಲಿ ಅರ್ಧ ಅಂಕ ಗಣಿತಕ್ಕೆ. ಒಂದರಲ್ಲಿ ಊಟ–ವಸತಿ ಪುಕ್ಕಟೆ, ಇನ್ನೊಂದರಲ್ಲಿ ವರ್ಷಕ್ಕೆ ಲಕ್ಷ ರೂಪಾಯಿ ದಾಟುವ ಶುಲ್ಕ.

ಖಾಸಗಿ ಶಾಲೆ ಪರೀಕ್ಷೆ ಮಾಡಬಹುದೇ?

ಎಲ್ಲಕ್ಕಿಂತ ಮೊದಲು ಒಂದು ಗೊಂದಲ ಬಗೆಹರಿಯಬೇಕು. ನಗರಗಳ ಖಾಸಗಿ ಶಾಲೆಗಳಲ್ಲಿ ಪ್ರವೇಶಕ್ಕೆ ಮುನ್ನ ಮಗುವಿನ ಕೈಯಲ್ಲಿ ಮಗ್ಗಿ ಬರೆಸುವುದು, ಇಂಗ್ಲಿಷ್ ಓದಿಸುವುದು, ತಂದೆ–ತಾಯಿಯನ್ನು ಕೂರಿಸಿ ಪ್ರಶ್ನೆ ಕೇಳುವುದು ಹಲವರ ಅನುಭವಕ್ಕೆ ಬಂದ ಸಂಗತಿ. ಕಾನೂನು ಇದನ್ನು ಒಪ್ಪುವುದಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಎರಡು ವಿಷಯಗಳನ್ನು ನಿಷೇಧಿಸುತ್ತದೆ. ಒಂದು, ಪ್ರವೇಶಕ್ಕೆ ವಂತಿಗೆ ಕೇಳುವುದು. ಎರಡು, ಮಗುವನ್ನಾಗಲೀ ಪೋಷಕರನ್ನಾಗಲೀ ಸೋಸಿ ಆರಿಸುವುದು. ಸೀಟಿಗಿಂತ ಅರ್ಜಿ ಹೆಚ್ಚಿದ್ದರೆ ಲಾಟರಿಯಂಥ ಯಾದೃಚ್ಛಿಕ ವಿಧಾನ ಬಳಸಬೇಕು. ಪರೀಕ್ಷೆ, ಸಂದರ್ಶನ ಕೂಡದು. ಸೋಸಿ ಆರಿಸಿದ್ದು ಸಾಬೀತಾದರೆ ಮೊದಲ ಸಲ 25 ಸಾವಿರ ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50 ಸಾವಿರ ರೂಪಾಯಿವರೆಗೆ ದಂಡ.

ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿವರೆಗೆ. ಒಂಬತ್ತರಿಂದ ಮೇಲೆ ಈ ನಿಷೇಧ ಅನ್ವಯಿಸುವುದಿಲ್ಲ.

ಹಾಗಾದರೆ ಆರನೇ ತರಗತಿಗೆ ಸರ್ಕಾರವೇ ಪರೀಕ್ಷೆ ನಡೆಸುವುದು ಹೇಗೆ? ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆ ಮತ್ತು ‘ವಿಶಿಷ್ಟ ಸ್ವರೂಪ’ ಹೊಂದಿದ ಇತರ ಶಾಲೆಗಳನ್ನು ಕಾಯ್ದೆಯೇ ‘ನಿರ್ದಿಷ್ಟ ವರ್ಗ’ ಎಂದು ಬೇರೆಯಾಗಿ ಹೆಸರಿಸಿದೆ. ನವೋದಯ, ಸೈನಿಕದಂಥ ಶಾಲೆಗಳ ಪ್ರವೇಶ ಪರೀಕ್ಷೆ ಕಾಯ್ದೆ ಬಂದ ಮೇಲೂ ಮುಂದುವರಿದಿದೆ. ಹೀಗಾಗಿ ಪಕ್ಕದ ಬೀದಿಯ ಖಾಸಗಿ ಶಾಲೆ ಮಾಡಬಾರದ ಆಯ್ಕೆಯನ್ನು ಸರ್ಕಾರದ ವಸತಿ ಶಾಲೆಗಳು ರಾಜಾರೋಷವಾಗಿ ಮಾಡುತ್ತವೆ.

ಹೆಸರು ಒಂದೇ, ಶಾಲೆ ಬೇರೆ

ಎರಡನೇ ಗೊಂದಲ ಹೆಸರುಗಳದ್ದು. ‘ಕಿತ್ತೂರು ಚೆನ್ನಮ್ಮ ಶಾಲೆ’ ಎಂದರೆ ಎರಡು ಅರ್ಥ. ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ಬಾಲಕಿಯರ ಸೈನಿಕ ವಸತಿ ಶಾಲೆ ಒಂದು. ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತ ಬಂದ ಸಂಸ್ಥೆ ಅದು. ರಾಜ್ಯ ಸರ್ಕಾರ ಹಲವು ತಾಲ್ಲೂಕುಗಳಲ್ಲಿ ನಡೆಸುವ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಇನ್ನೊಂದು. ಇವು ಮೊರಾರ್ಜಿ ದೇಸಾಯಿ ಶಾಲೆಗಳ ಬಳಗಕ್ಕೆ ಸೇರಿದವು. ಒಂದಕ್ಕೆ ಹಾಕಿದ ಅರ್ಜಿ ಇನ್ನೊಂದಕ್ಕೆ ನಡೆಯುವುದಿಲ್ಲ.

ಕಿತ್ತೂರಿನದನ್ನು ಬಿಟ್ಟರೂ ‘ಸೈನಿಕ’ ಎಂಬ ಹೆಸರಿನಡಿಯಲ್ಲಿ ಇನ್ನೂ ಮೂರು ಬಗೆಯ ಶಾಲೆಗಳಿವೆ. ರಕ್ಷಣಾ ಸಚಿವಾಲಯದ ಸೈನಿಕ ಶಾಲೆಗಳ ಸೊಸೈಟಿ ಮೊದಲಿನಿಂದ ನಡೆಸುತ್ತಿರುವವು ಕರ್ನಾಟಕದಲ್ಲಿ ಎರಡು: 1963ರಲ್ಲಿ ಆರಂಭವಾದ ವಿಜಯಪುರದ್ದು, 2007ರಲ್ಲಿ ಶುರುವಾದ ಕೊಡಗಿನ ಕೂಡಿಗೆಯದ್ದು. ರಾಜ್ಯ ಸರ್ಕಾರ, ಸ್ವಯಂಸೇವಾ ಸಂಸ್ಥೆ ಅಥವಾ ಖಾಸಗಿ ಶಾಲೆಗಳ ಪಾಲುದಾರಿಕೆಯಲ್ಲಿ ಹೊಸ ಸೈನಿಕ ಶಾಲೆಗಳನ್ನು ತೆರೆಯಲು ಕೇಂದ್ರ ಸಂಪುಟ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಇವುಗಳಿಗೂ ಹಳೆಯ ಸೈನಿಕ ಶಾಲೆಗಳ ಅಖಿಲ ಭಾರತ ಪರೀಕ್ಷೆಯ ಅಂಕವೇ ದಾರಿ, ಆದರೆ ಶುಲ್ಕ, ಕಟ್ಟಡ, ಆಡಳಿತ ಆಯಾ ಸಂಸ್ಥೆಯದ್ದು. ಮೂರನೆಯವು ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. ಇಲ್ಲಿ ಹೆಚ್ಚಿನ ಸೀಟುಗಳು ಸೇನಾ ಸಿಬ್ಬಂದಿಯ ಮಕ್ಕಳಿಗೆ ಮೀಸಲು. ಇವುಗಳ ಪ್ರವೇಶ ಪರೀಕ್ಷೆಯೂ ಪ್ರತ್ಯೇಕ.

ನವೋದಯ: ಅರ್ಧ ಅಂಕ ಚಿತ್ರಗಳಿಗೆ

ಹಳ್ಳಿಯ ಜಾಣ ಮಗುವಿಗೆ ದುಡ್ಡಿಲ್ಲವೆಂಬ ಕಾರಣಕ್ಕೆ ಒಳ್ಳೆಯ ಶಾಲೆ ತಪ್ಪಬಾರದು ಎಂಬ ಉದ್ದೇಶದಿಂದ ಹುಟ್ಟಿದ್ದು ನವೋದಯ. 1985–86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗಕ್ಕೆಂದು ಎರಡು ಶಾಲೆ ತೆರೆದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ದೇಶದ ಯೋಜನೆಯಾಗಿಸಿತು.

ಪರೀಕ್ಷೆಯ ರಚನೆಯಲ್ಲಿ ಆ ಉದ್ದೇಶ ಎದ್ದು ಕಾಣುತ್ತದೆ. ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ, 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಇಲ್ಲಿ ಓದಿ ಅರ್ಥ ಮಾಡಿಕೊಳ್ಳಬೇಕಾದ ಪಠ್ಯ ಇಲ್ಲವೆನ್ನುವಷ್ಟು ಕಡಿಮೆ. ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಈ ಚಿತ್ರ ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬೀಳುತ್ತವೆ, ಹೀಗೆ ಹತ್ತು ಬಗೆ, ಪ್ರತಿ ಬಗೆಯಲ್ಲಿ ನಾಲ್ಕು ಪ್ರಶ್ನೆ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವೂ ಮೇಷ್ಟ್ರ ಮಗನಿಗೆ ಸಮನಾಗಿ ನಿಲ್ಲಲು ಸಾಧ್ಯವಾಗುವ ಭಾಗವಿದು.

ಉಳಿದ ಅಂಕಗಳು ಅಂಕಗಣಿತಕ್ಕೆ 25, ಭಾಷೆಗೆ 25. ಭಾಷೆಯಲ್ಲಿ ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳಿರುತ್ತವೆ, ಅದನ್ನು ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಂದರೆ ಒಂದು ಗೋಲವನ್ನೂ ಖಾಲಿ ಬಿಡಬೇಕಾಗಿಲ್ಲ.

ಕಠಿಣವಾಗಿರುವುದು ಅರ್ಹತೆಯ ನಿಯಮಗಳು. ಮಗು ವಾಸವಿರುವ ಜಿಲ್ಲೆಯಲ್ಲೇ ಐದನೇ ತರಗತಿ ಓದುತ್ತಿರಬೇಕು, ಅದೇ ಜಿಲ್ಲೆಯ ನವೋದಯಕ್ಕೆ ಮಾತ್ರ ಬರೆಯಬೇಕು. ಆರನೇ ತರಗತಿಗೆ ಜೀವನದಲ್ಲಿ ಒಂದೇ ಅವಕಾಶ. ಈ ವರ್ಷ ಆಗಲಿಲ್ಲವೆಂದು ಐದನೇ ಕ್ಲಾಸನ್ನೇ ಮತ್ತೊಮ್ಮೆ ಓದಿಸಿ ಬರೆಸುವಂತಿಲ್ಲ. ಒಂದು ಶಾಲೆಗೆ ಗರಿಷ್ಠ 80 ಸೀಟು. ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ.

‘ಗ್ರಾಮೀಣ’ ಎಂದರೆ ಯಾರು ಎಂಬುದನ್ನೂ ನಿಯಮ ಬಿಗಿಯಾಗಿ ಹೇಳುತ್ತದೆ. ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿ ಹಳ್ಳಿಯ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿಯಾಗುತ್ತದೆ. ಆಗ ಉಳಿದ ಕಾಲು ಭಾಗದಷ್ಟು ಸೀಟಿಗಷ್ಟೇ ಪೈಪೋಟಿ.

ಸೈನಿಕ: ಅರ್ಧ ಅಂಕ ಗಣಿತಕ್ಕೆ

ಸೈನಿಕ ಶಾಲೆಗಳು ಆರಂಭವಾದದ್ದು 1961ರಲ್ಲಿ, ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ. ಸೇನಾಧಿಕಾರಿಗಳ ಹುದ್ದೆಗೆ ಎಲ್ಲ ಪ್ರದೇಶ, ಎಲ್ಲ ವರ್ಗಗಳ ಹುಡುಗರು ಬರಬೇಕು, ಪುಣೆ ಬಳಿಯ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಅವರನ್ನು ಅಣಿಗೊಳಿಸಬೇಕು ಎಂಬುದು ಗುರಿ.

ಆರನೇ ತರಗತಿಯ ಪರೀಕ್ಷೆ 300 ಅಂಕಗಳದ್ದು. ಎರಡೂವರೆ ಗಂಟೆಯಲ್ಲಿ 125 ಪ್ರಶ್ನೆ. ಗಣಿತದ 50 ಪ್ರಶ್ನೆಗಳಿಗೆ ತಲಾ ಮೂರು ಅಂಕದಂತೆ 150. ಭಾಷೆ, ಬುದ್ಧಿಮತ್ತೆ, ಸಾಮಾನ್ಯ ಜ್ಞಾನ ಈ ಮೂರರಲ್ಲಿ ತಲಾ 25 ಪ್ರಶ್ನೆ, 50 ಅಂಕ. ಇಲ್ಲೂ ಋಣಾತ್ಮಕ ಅಂಕ ಇಲ್ಲ, ಕನ್ನಡದಲ್ಲಿ ಬರೆಯಲೂ ಅವಕಾಶವಿದೆ. ಆದರೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 25, ಒಟ್ಟಾರೆ ಶೇ 40 ಬರಲೇಬೇಕೆಂಬುದು ಸಾಮಾನ್ಯ ನಿಯಮ. ಗಣಿತದಲ್ಲಿ ಎಷ್ಟೇ ಗಳಿಸಿದರೂ ಸಾಮಾನ್ಯ ಜ್ಞಾನದಲ್ಲಿ ನೆಲಕಚ್ಚಿದರೆ ಮಗು ಪಟ್ಟಿಯಿಂದ ಹೊರಗೆ.

ವೇಗದ ಲೆಕ್ಕ ಹಾಕಿದರೆ ನವೋದಯದಲ್ಲಿ ಒಂದು ಪ್ರಶ್ನೆಗೆ ಸರಾಸರಿ 90 ಸೆಕೆಂಡು ಸಿಗುತ್ತದೆ, ಸೈನಿಕದಲ್ಲಿ 72 ಸೆಕೆಂಡು. ಭಿನ್ನರಾಶಿ, ಶೇಕಡಾ, ಲಾಭ–ನಷ್ಟ, ಕ್ಷೇತ್ರಫಲದ ಲೆಕ್ಕಗಳನ್ನು ನೋಡಿದ ಕೂಡಲೇ ಕೈ ಹಾಕಬಲ್ಲ ಮಗುವಿಗೆ ಈ ಪತ್ರಿಕೆ ಒಗ್ಗುತ್ತದೆ. ಆಕೃತಿಗಳಲ್ಲಿ ಚುರುಕಾಗಿದ್ದು ಲೆಕ್ಕದಲ್ಲಿ ನಿಧಾನವಾದ ಮಗುವಿಗೆ ನವೋದಯವೇ ಹತ್ತಿರ. ಎರಡಕ್ಕೂ ಒಂದೇ ತಯಾರಿ ಸಾಕು ಎನ್ನುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಸೈನಿಕದಲ್ಲಿ ವಯಸ್ಸಿನ ಲೆಕ್ಕವೂ ಬೇರೆ. ಪ್ರವೇಶದ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ 10ರಿಂದ 12 ವರ್ಷ ಆಗಿರಬೇಕು. ಈ ಮಿತಿಯೊಳಗಿದ್ದರೆ ಎರಡನೇ ಸಲ ಬರೆಯುವ ಅವಕಾಶ ಕೆಲವರಿಗೆ ಸಿಗುತ್ತದೆ. ಹಳೆಯ ಸೈನಿಕ ಶಾಲೆಗಳಲ್ಲಿ ಶೇ 67 ಸೀಟು ಶಾಲೆ ಇರುವ ರಾಜ್ಯದವರಿಗೆ, ಉಳಿದದ್ದು ಹೊರಗಿನವರಿಗೆ. ಅಂಕ ಬಂದ ಮೇಲೆ ವೈದ್ಯಕೀಯ ಪರೀಕ್ಷೆಯಿದೆ. ದೃಷ್ಟಿ, ಶ್ರವಣದಂಥ ಕಾರಣಕ್ಕೆ ಅಲ್ಲಿ ಹಿಂದೆ ಬೀಳುವ ಮಕ್ಕಳೂ ಇದ್ದಾರೆ. ಆದ್ದರಿಂದ ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸುವುದು ಲಾಭದ ಕೆಲಸ.

ದಶಕಗಳ ಕಾಲ ಈ ಶಾಲೆಗಳು ಹುಡುಗರದ್ದೇ ಆಗಿದ್ದವು. 2021–22ರಿಂದ ಎಲ್ಲ ಸೈನಿಕ ಶಾಲೆಗಳೂ ಆರನೇ ತರಗತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಿವೆ. 2022ರಲ್ಲಿ ರಕ್ಷಣಾ ಅಕಾಡೆಮಿಯೂ ಮಹಿಳಾ ಕೆಡೆಟ್‌ಗಳಿಗೆ ತೆರೆದುಕೊಂಡಿತು.

ಮೊರಾರ್ಜಿ, ಆದರ್ಶ: ಪಠ್ಯಪುಸ್ತಕವೇ ಆಧಾರ

ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ, ಅಂದರೆ ‘ಕ್ರೈಸ್’, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಟಲ್ ಬಿಹಾರಿ ವಾಜಪೇಯಿ, ಡಾ. ಬಿ.ಆರ್. ಅಂಬೇಡ್ಕರ್ ಮೊದಲಾದ ಹೆಸರಿನ ವಸತಿ ಶಾಲೆಗಳನ್ನು ನಡೆಸುತ್ತದೆ. ಇವಕ್ಕೆಲ್ಲ ಒಂದೇ ಪರೀಕ್ಷೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸುತ್ತ ಬಂದಿದೆ. ಅಂಕ, ಮೀಸಲಾತಿ ಮತ್ತು ಪೋಷಕರು ಕೊಟ್ಟ ಶಾಲೆಗಳ ಆದ್ಯತಾ ಪಟ್ಟಿ ಈ ಮೂರನ್ನೂ ನೋಡಿ ಸೀಟು ಹಂಚುತ್ತಾರೆ. ಆದಾಯ ಮಿತಿಯಿದೆ. ಜಾತಿ–ಆದಾಯ ಪ್ರಮಾಣಪತ್ರ, ಶಾಲೆಯಲ್ಲಿ ಸಿಗುವ ‘ಸ್ಯಾಟ್ಸ್’ ಸಂಖ್ಯೆ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಊಟ, ವಸತಿ, ಪುಸ್ತಕ ಉಚಿತ.

ಈ ಪರೀಕ್ಷೆಯ ಪ್ರಶ್ನೆಗಳು ಬಹುಮಟ್ಟಿಗೆ ಐದನೇ ತರಗತಿಯ ಶಾಲಾ ಪಠ್ಯದ ಸುತ್ತ ಇರುತ್ತವೆ. ಕ್ಲಾಸಿನ ಪಾಠವನ್ನು ಸರಿಯಾಗಿ ಓದಿಕೊಂಡ ಮಗು ಬೇರೆ ಗೈಡು ಹಿಡಿಯದೆಯೂ ಬರೆಯಬಹುದು.

ಆದರ್ಶ ವಿದ್ಯಾಲಯದ ಕಥೆ ಬೇರೆ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ ಕೇಂದ್ರದ ಮಾದರಿ ಶಾಲೆ ಯೋಜನೆಯಡಿ ಬಂದ ಇಂಗ್ಲಿಷ್ ಮಾಧ್ಯಮದ ಸರ್ಕಾರಿ ಶಾಲೆಗಳಿವು. ಆರರಿಂದ ಹತ್ತನೇ ತರಗತಿ, ರಾಜ್ಯ ಪಠ್ಯಕ್ರಮ, ಆಯಾ ತಾಲ್ಲೂಕಿನ ಮಕ್ಕಳಿಗೇ ಸೀಟು. ಮುಖ್ಯವಾಗಿ, ಮಗು ಸಂಜೆ ಮನೆಗೆ ಬರುತ್ತದೆ. ಹಾಸ್ಟೆಲ್ಲಿಗೆ ಕಳಿಸಲು ಮನಸ್ಸಿಲ್ಲದ, ಖಾಸಗಿ ಶಾಲೆಯ ಫೀಸು ಕಟ್ಟಲಾಗದ ಮನೆಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಕಾನೂನಿನ ಮಾತು ಹಾಗಿದ್ದರೂ, ಪರೀಕ್ಷೆಯಿಂದ ಆರಿಸಿ ಉಚಿತವಾಗಿ ಕಲಿಸುವ ಒಂದು ಪ್ರಯೋಗ ಖಾಸಗಿ ವಲಯದಲ್ಲೂ ಇದೆ. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿ, ಕನ್ನಡ ಮಾಧ್ಯಮದಲ್ಲಿ ಉಚಿತ ಶಿಕ್ಷಣ ಕೊಡುತ್ತದೆ. ರಾಜ್ಯದ ನಾನಾ ಜಿಲ್ಲೆಗಳಿಂದ ಮಕ್ಕಳು ಈ ಪರೀಕ್ಷೆ ಬರೆಯಲು ಬರುತ್ತಾರೆ.

ಕೋಚಿಂಗ್‌ನ ಲಾಭ–ನಷ್ಟ

ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯ ಬಸ್‌ಸ್ಟ್ಯಾಂಡುಗಳಲ್ಲಿ ‘ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ’ ಎಂದು ಒಂದೇ ಉಸಿರಿನಲ್ಲಿ ಬರೆದ ಬ್ಯಾನರುಗಳು ಕಾಣುತ್ತವೆ. ಬೇಸಿಗೆ ಶಿಬಿರದಿಂದ ಹಿಡಿದು ವರ್ಷಪೂರ್ತಿ ವಸತಿ ಸಹಿತ ತರಗತಿಗಳವರೆಗೆ ಎಲ್ಲ ಬಗೆಯವೂ ಉಂಟು.

ತರಬೇತಿಯಿಂದ ಲಾಭವೇ ಇಲ್ಲ ಎನ್ನಲಾಗದು. ಕನ್ನಡಿಬಿಂಬದ ಪ್ರಶ್ನೆಯನ್ನು ಮೊದಲ ಬಾರಿಗೆ ಪರೀಕ್ಷೆಯಲ್ಲೇ ನೋಡುವ ಮಗುವಿಗೂ ಐವತ್ತು ಸಲ ಬಿಡಿಸಿದ ಮಗುವಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಓಎಂಆರ್ ಹಾಳೆಯಲ್ಲಿ ಸಾಲು ತಪ್ಪದೆ ಗೋಲ ತುಂಬುವುದಕ್ಕೂ ಅಭ್ಯಾಸ ಬೇಕು. ಆದರೆ ಇಷ್ಟಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳು, ಒಂದು ಗಡಿಯಾರ, ವಾರಕ್ಕೆ ಎರಡು ಸಂಜೆ ಕೂತು ನೋಡುವ ಒಬ್ಬ ಹಿರಿಯರಿದ್ದರೆ ಮನೆಯಲ್ಲೂ ಸಾಧ್ಯ. ಹಲವು ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರುಗಳೇ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮಾಡುತ್ತಾರೆ.

ಅಪಾಯ ಬೇರೆ ಕಡೆ ಇದೆ. ತಯಾರಿಗೆಂದು ಹಳ್ಳಿಯ ಮಗುವನ್ನು ನಾಲ್ಕನೇ ಕ್ಲಾಸಿನಲ್ಲೇ ಪಟ್ಟಣದ ಶಾಲೆಗೆ ಸೇರಿಸಿದರೆ ನವೋದಯದ ಗ್ರಾಮೀಣ ಕೋಟಾ ಅಲ್ಲಿಗೆ ಮುಗಿಯಿತು. ಬೇರೆ ಜಿಲ್ಲೆಯ ಶಾಲೆಗೆ ಸೇರಿಸಿದರೆ ತನ್ನ ಜಿಲ್ಲೆಯ ನವೋದಯವೇ ತಪ್ಪುತ್ತದೆ. ಹೆಸರು ಹಳ್ಳಿಯ ಶಾಲೆಯಲ್ಲಿ, ಮಗು ಪಟ್ಟಣದ ಕೋಚಿಂಗ್‌ನಲ್ಲಿ ಎಂಬ ವ್ಯವಸ್ಥೆ ಹಲವೆಡೆ ನಡೆಯುತ್ತದೆ. ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಬಂದ ಸೀಟೂ ಹೋಗುತ್ತದೆ. ಎರಡು ವರ್ಷದ ಪಾಠ, ಆಟ, ಓರಗೆಯವರ ಒಡನಾಟ ಕಳೆದುಕೊಂಡದ್ದಂತೂ ಸೀಟು ಸಿಕ್ಕರೂ ಮರಳಿ ಬರುವುದಿಲ್ಲ.

ಸೀಟು ಸಿಕ್ಕ ಮೇಲಿನ ಬದುಕು

ಯಾವ ಪರೀಕ್ಷೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಪ್ರಶ್ನೆಪತ್ರಿಕೆಗಿಂತ ಹೆಚ್ಚಾಗಿ ಆಮೇಲಿನ ವರ್ಷಗಳಲ್ಲಿದೆ.

ನವೋದಯದಲ್ಲಿ ಸಿಬಿಎಸ್‌ಇ ಪಠ್ಯಕ್ರಮ. ಏಳು–ಎಂಟನೇ ತರಗತಿವರೆಗೆ ಪ್ರಾದೇಶಿಕ ಭಾಷೆಗೆ ಜಾಗವಿದ್ದು, ಮುಂದೆ ಗಣಿತ–ವಿಜ್ಞಾನ ಇಂಗ್ಲಿಷಿನಲ್ಲಿ. ಒಂಬತ್ತನೇ ತರಗತಿಗೆ ಬಂದಾಗ ಶೇ 30ರಷ್ಟು ಮಕ್ಕಳನ್ನು ಹಿಂದಿ ಪ್ರದೇಶ ಮತ್ತು ಹಿಂದಿಯೇತರ ಪ್ರದೇಶದ ಶಾಲೆಗಳ ನಡುವೆ ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡುವ ಪದ್ಧತಿಯಿದೆ. ಮಗಳು ವರ್ಷವಿಡೀ ಉತ್ತರ ಭಾರತದ ಯಾವುದೋ ಜಿಲ್ಲೆಯಲ್ಲಿರಬೇಕಾಗಿ ಬರಬಹುದು ಎಂಬುದು ಸೇರಿಸುವಾಗ ಬಹಳ ಮನೆಗಳಿಗೆ ಗೊತ್ತಿರುವುದಿಲ್ಲ. ಶುಲ್ಕದ ಮಟ್ಟಿಗೆ, ಎಂಟನೇ ತರಗತಿವರೆಗೆ ಏನೂ ಇಲ್ಲ. ಒಂಬತ್ತರಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ. ಹುಡುಗಿಯರು, ಪರಿಶಿಷ್ಟ ಜಾತಿ–ಪಂಗಡದವರು, ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ದರ ಹೆಚ್ಚು.

ಸೈನಿಕ ಶಾಲೆಯ ದಿನಚರಿ ಬೆಳಗಿನ ಪಿಟಿಯಿಂದ ರಾತ್ರಿಯ ರೋಲ್‌ಕಾಲ್‌ವರೆಗೆ ಗಡಿಯಾರ ಹಿಡಿದು ನಡೆಯುತ್ತದೆ. ಪಾಠ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಪರೀಕ್ಷೆ ಬರೆದು ಒಳಬಂದ ಮಗುವಿಗೆ ಮೊದಲ ವರ್ಷದ ಹೊರೆ ಇದೇ. ಶುಲ್ಕಕ್ಕೆ ಆದಾಯ ಆಧಾರಿತ ವಿದ್ಯಾರ್ಥಿವೇತನದ ನೆರವಿದೆ, ಆದರೆ ಮಂಜೂರಾತಿ, ಬಿಡುಗಡೆಯ ವೇಳೆ ಹೇಗೆಂದು ಶಾಲೆಯಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ರಕ್ಷಣಾ ಅಕಾಡೆಮಿಗೆ ಹೋಗಲೇಬೇಕೆಂಬ ಕಡ್ಡಾಯ ಇಲ್ಲ. ಎಂಜಿನಿಯರಿಂಗ್, ಮೆಡಿಕಲ್ ಸೇರುವವರೂ ಇದ್ದಾರೆ.

ಮೊರಾರ್ಜಿ ಬಗೆಯ ಶಾಲೆಗಳಲ್ಲಿ ರಾಜ್ಯ ಪಠ್ಯಕ್ರಮ, ಎಸ್‌ಎಸ್‌ಎಲ್‌ಸಿ. ಊರಿಗೆ ಹತ್ತಿರದ ಶಾಲೆ ಸಿಗುವ ಸಾಧ್ಯತೆ ಇಲ್ಲಿ ಹೆಚ್ಚು. ಆದರೆ ಕಟ್ಟಡ, ಅಡುಗೆಮನೆ, ವಾರ್ಡನ್ ಹೇಗಿದ್ದಾರೆಂಬುದು ಶಾಲೆಯಿಂದ ಶಾಲೆಗೆ ಬದಲಾಗುತ್ತದೆ. ಆದ್ಯತಾ ಪಟ್ಟಿ ತುಂಬುವ ಮೊದಲು ಎರಡು–ಮೂರು ಶಾಲೆಗೆ ಹೋಗಿ ನೋಡಿ ಬಂದವರಿಗೂ ಸೈಬರ್ ಸೆಂಟರಿನವನು ತುಂಬಿಕೊಟ್ಟ ಪಟ್ಟಿಗೆ ಸಹಿ ಮಾಡಿದವರಿಗೂ ಜೂನ್ ತಿಂಗಳಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಹತ್ತು ವರ್ಷದ ಮಗುವನ್ನು ಕೇಳಬೇಕಾದ ಪ್ರಶ್ನೆಗಳೂ ಇವೆ. ಅಜ್ಜಿ ಮನೆಯಲ್ಲಿ ನಾಲ್ಕು ರಾತ್ರಿ ತಾನಾಗಿ ಉಳಿಯುತ್ತದೆಯೇ? ತನ್ನ ಬಟ್ಟೆ ತಾನು ಒಗೆದುಕೊಳ್ಳಬಲ್ಲದೇ? ಜ್ವರ ಬಂದರೆ ದೊಡ್ಡವರಿಗೆ ಹೇಳುವ ಧೈರ್ಯವಿದೆಯೇ? ಹಾಸ್ಟೆಲ್ಲಿನ ಮೊದಲ ತಿಂಗಳುಗಳಲ್ಲಿ ಮಗುವಿನ ಕೈಹಿಡಿಯುವುದು ಪರೀಕ್ಷೆಯ ಅಂಕಕ್ಕಿಂತ ಇಂಥ ಸಣ್ಣ ಸಂಗತಿಗಳು.

ಆರಕ್ಕೆ ಆಗದಿದ್ದರೆ

ನವೋದಯವೊಂದಕ್ಕೇ ದೇಶದಲ್ಲಿ ಪ್ರತಿವರ್ಷ ಲಕ್ಷಾಂತರ ಮಕ್ಕಳು ಬರೆಯುತ್ತಾರೆ, ಒಂದು ಜಿಲ್ಲೆಗೆ ಸಿಗುವುದು ಸಾಮಾನ್ಯವಾಗಿ 80 ಸೀಟು. ಬರೆದವರಲ್ಲಿ ಬಹುತೇಕರಿಗೆ ಸಿಗುವುದಿಲ್ಲ ಎಂಬುದು ಈ ಲೆಕ್ಕದಲ್ಲೇ ಇದೆ. ಫಲಿತಾಂಶದ ದಿನ ಮಗುವಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಪಟ್ಟಿಯಲ್ಲಿ ಹೆಸರಿದ್ದವರ ಫೋಟೊ ಮಾತ್ರ ಬ್ಯಾನರಿಗೆ ಏರುತ್ತದೆ.

ದಾರಿ ಅಲ್ಲಿಗೆ ಮುಚ್ಚುವುದೂ ಇಲ್ಲ. ಖಾಲಿ ಉಳಿದ ಸೀಟುಗಳಿಗೆ ನವೋದಯ ಒಂಬತ್ತು ಮತ್ತು ಹನ್ನೊಂದನೇ ತರಗತಿಗೆ ಬೇರೆ ಪರೀಕ್ಷೆ ನಡೆಸುತ್ತದೆ. ಸೈನಿಕ ಶಾಲೆಯಲ್ಲಿ ಒಂಬತ್ತನೇ ತರಗತಿಗೆ 13ರಿಂದ 15 ವರ್ಷದವರು ಬರೆಯಬಹುದು. ಆ ಪರೀಕ್ಷೆ 400 ಅಂಕಗಳದ್ದು, ಮೂರು ಗಂಟೆಯದ್ದು. ಮಾಧ್ಯಮ ಇಂಗ್ಲಿಷ್ ಮಾತ್ರ. ಕನ್ನಡ ಶಾಲೆಯ ಮಗು ಅದಕ್ಕೆ ಕಣ್ಣಿಟ್ಟಿದ್ದರೆ ಏಳನೇ ತರಗತಿಯಿಂದಲೇ ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಯತೊಡಗಬೇಕಾಗುತ್ತದೆ.